ಗ್ವಾಡಿ ಯಾವಾಗ ತೊಳದಿ, ತಮ್ಮಾ?

ರಾಯಚೂರಿನಲ್ಲಿ ಒಂದು ಶುಕ್ರವಾರ ಸಂಜೆ ಆಡಿದ ಮಾತುಗಳಿವು. ಎದುರಿಗೆ 30 ಜನ ಇದ್ದರು. ಹೆಚ್ಚಿನವರು ಫೋಟೊ ಹುಚ್ಚಿನ ಹುಡುಗ ಹುಡುಗಿಯರು, ಜೊತೆಗೆ ಇಬ್ಬರು ಮೇಷ್ಟ್ರು, ಒಬ್ಬರು ನಿವೃತ್ತ ಓವರ್‌ಸಿಯರ್. ನಾನು 60 ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ನಾಲ್ಕನೆಯದಕ್ಕೆ ಕರೆಂಟ್ ಹೋಯಿತು, ಕೊನೆತನಕ ಬರಲಿಲ್ಲ. ಫೋಟೊ ಬಗ್ಗೆ ಫೋಟೊ ಇಲ್ಲದೆ ಮಾತಾಡಬೇಕಾಯಿತು. ಈಗ ಬರೆಯುವಾಗ ಚಿತ್ರ ಸೇರಿಸಬಹುದಿತ್ತು. ಬೇಡ ಅನ್ನಿಸಿತು. ಅವತ್ತು ಕತ್ತಲಲ್ಲಿ ಕೂತವರಿಗೆ ಸಿಕ್ಕಷ್ಟೇ ನಿಮಗೂ ಇರಲಿ.

*

ಎಲ್ಲರಿಗೂ ನಮಸ್ಕಾರ.

ನೀವೆಲ್ಲ ಇದೇ ಊರಿನವರು. ನಮ್ಮ ಕೋಟೆಯ ಪಶ್ಚಿಮದ ಗೋಡೆಯಲ್ಲಿರುವ ಉದ್ದದ ಕಲ್ಲನ್ನು ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ. ಕತ್ತಲಲ್ಲಿ ಕಾಣಲ್ಲ, ಆದ್ರೂ ಎತ್ತಿ.

ಆ ಒಂದೇ ಕಲ್ಲು 41 ಅಡಿಗೂ ಜಾಸ್ತಿ ಉದ್ದ ಇದೆ. ಮೇಲೆ 1294ರ ಶಾಸನ, ತೆಲುಗಿನಲ್ಲಿ. ಆಗ ಈ ಭಾಗ ಕಾಕತೀಯರ ಕೈಯಲ್ಲಿತ್ತು. ಕೋಟೆ ಯಾರು ಕಟ್ಟಿಸಿದರು ಅನ್ನೋದು ಅದರಲ್ಲಿ ಬರುತ್ತದೆ. ಕೋಟೆ ಅಂದ ಮೇಲೆ ಅಂಥದ್ದೊಂದು ಶಾಸನ ಇದ್ದೇ ಇರುತ್ತೆ, ಅದರಲ್ಲಿ ವಿಶೇಷ ಇಲ್ಲ. ನನಗೆ ಸೋಜಿಗ ಅನ್ನಿಸೋದು ಅದರ ಪಕ್ಕದ ಚಿತ್ರ. ಅದೇ ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ. ಮುಂದೆ ಕೋಣಗಳ ಉದ್ದ ಸಾಲು. ಹೊಡೆಯುವ ಜನ. ಈ ಕಲ್ಲು ಇಲ್ಲಿಗೆ ಬಂದದ್ದು ಹೀಗೆ ಅಂತ ಅದೇ ಗೋಡೆಯಲ್ಲೇ ಕೆತ್ತಿಟ್ಟಿದ್ದಾರೆ.

ಪ್ಯಾರಿಸ್‌ನಲ್ಲಿ ದಾಗೆರ್‌ನ ಫೋಟೊ ವಿಧಾನ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ. ಅದಕ್ಕೂ 500 ವರ್ಷ ಮೊದಲೇ ನಮ್ಮೂರಲ್ಲಿ ಒಬ್ಬ ಕಲ್ಲುಕುಟಿಗನಿಗೆ ಡಾಕ್ಯುಮೆಂಟರಿ ಮಾಡೋದು ಹೊಳೆದಿತ್ತು. ಕೋಟೆ ಎಷ್ಟು ಚೆಂದ, ಎಷ್ಟು ಎತ್ತರ ಅಂತ ಅವನು ಕೆತ್ತಲಿಲ್ಲ. ಅದು ಎದುರಿಗೇ ಇದೆಯಲ್ಲ! ಮುಂದೆ ಯಾರಿಗೂ ಕಾಣದ ಸಂಗತಿ ಯಾವುದೋ ಅದನ್ನು ಕೆತ್ತಿದ. ಅಂದರೆ ಎಳೆದವರನ್ನು.

ನಾನು ಇವತ್ತು ಹೇಳಬೇಕು ಅಂತ ಬಂದದ್ದು ಹೆಚ್ಚುಕಮ್ಮಿ ಇಷ್ಟೇ. ಆದರೆ ಒಂದು ಗಂಟೆ ಕೊಟ್ಟಿದ್ದೀರಿ.

ನನ್ನ ಹೊಟ್ಟೆಪಾಡು ಬೇರೆ. ರಾಯಚೂರು, ಬಳ್ಳಾರಿ, ಕೊಪ್ಪಳ, ಗಂಗಾವತಿಯಲ್ಲಿ ಹೊಸ ಮನೆ ಕಟ್ಟಿದವರು, ಕಟ್ಟಿಸಿಕೊಟ್ಟ ಆರ್ಕಿಟೆಕ್ಟ್‌ಗಳು ಕರೆಯುತ್ತಾರೆ. ಗೃಹಪ್ರವೇಶಕ್ಕೆ ಇನ್ನೂ ನಾಲ್ಕು ದಿನ ಇದೆ ಅನ್ನುವಾಗ ಹೋಗಬೇಕು. ಬಣ್ಣದ ವಾಸನೆ ಹೋಗಿರಲ್ಲ. ಮನೆಯವರ ಚಪ್ಪಲಿ, ಬಕೆಟ್, ಗ್ಯಾಸ್ ಸಿಲಿಂಡರ್ ಯಾವುದೂ ಫ್ರೇಮಿನಲ್ಲಿ ಬರಬಾರದು. ಮನೆಯವರು ಬಂದರೂ ಆರ್ಕಿಟೆಕ್ಟ್‌ಗೆ ಸಿಟ್ಟು ಬರುತ್ತದೆ. ಸೋಫಾದ ಮೇಲಿನ ದಿಂಬನ್ನು ಎಷ್ಟು ಸಲ ಸರಿಮಾಡಿದ್ದೀನೋ ಲೆಕ್ಕ ಇಲ್ಲ.

ಆ ಕೆಲಸವನ್ನ ನಾನು ಬೈಯಲ್ಲ. ಅದು ನನಗೆ ಶಿಸ್ತು ಕಲಿಸಿತು. ಒಂದು ಉದಾಹರಣೆ ಹೇಳ್ತೀನಿ. ನೀವು ಗುಡಿಯ ಮುಂದೆ ನಿಂತು, ಶಿಖರ ಬರಲಿ ಅಂತ ಮೊಬೈಲನ್ನ ಮೇಲಕ್ಕೆ ಎತ್ತುತ್ತೀರಿ. ಗೋಡೆಗಳೆರಡೂ ಮೇಲಕ್ಕೆ ಹೋಗ್ತಾ ಒಂದಕ್ಕೊಂದು ವಾಲುತ್ತವೆ, ಗುಡಿ ಹಿಂದಕ್ಕೆ ಬೀಳೋ ಹಾಗೆ ಕಾಣುತ್ತೆ. ಯಾಕೆ? ಕ್ಯಾಮೆರಾ ತಲೆ ಎತ್ತಿದ ಕೂಡಲೇ ಅದರ ಒಳಗಿನ ಸೆನ್ಸರ್ ಮತ್ತು ಗೋಡೆ ಒಂದೇ ನೇರದಲ್ಲಿ ಉಳಿಯಲ್ಲ. ಗೋಡೆಯ ಮೇಲ್ತುದಿ ದೂರವಾಗುತ್ತದೆ. ದೂರ ಇದ್ದದ್ದು ಸಣ್ಣದಾಗುತ್ತದೆ. ಅದಕ್ಕೆ ಕ್ಯಾಮೆರಾ ತಲೆ ಎತ್ತಬಾರದು. ಹಿಂದೆ ಹೋಗಿ. ಜಾಗ ಇಲ್ಲದಿದ್ದರೆ ಎದುರುಮನೆ ಅಮ್ಮನ್ನ ಕೇಳಿ ಅವರ ಮಾಳಿಗೆ ಹತ್ತಿ, ಕಟ್ಟಡದ ಅರ್ಧ ಎತ್ತರಕ್ಕೆ ಬನ್ನಿ. ದುಡ್ಡಿದ್ದವರು ಶಿಫ್ಟ್ ಲೆನ್ಸ್ ತಗೊಳ್ತಾರೆ. ಅದರಲ್ಲಿ ಕ್ಯಾಮೆರಾ ನೆಟ್ಟಗೇ ಇರುತ್ತೆ, ಗಾಜು ಮಾತ್ರ ಮೇಲಕ್ಕೆ ಜರುಗುತ್ತೆ. ನಾನು ಏಳು ವರ್ಷ ಎದುರುಮನೆ ಮಾಳಿಗೆಯಲ್ಲೇ ಕಾಲ ಕಳೆದೆ. ಮಜ್ಜಿಗೆಯೂ ಸಿಗುತ್ತಿತ್ತು, ಆ ಬೀದಿಯ ಸಮಾಚಾರವೂ ಸಿಗುತ್ತಿತ್ತು. ಲೆನ್ಸ್ ತಗೊಂಡ ಮೇಲೆ ಎರಡೂ ತಪ್ಪಿತು.

ಹಾಗಾದ್ರೆ ನೆಟ್ಟಗೆ ತೆಗೆದ ಫೋಟೊ ಕತೆ ಹೇಳುತ್ತಾ? ಕೆಲವೊಮ್ಮೆ ಹೇಳುತ್ತೆ. ಆದರೆ ತಕ್ಷಣ ಅಲ್ಲ.

ನಿಮ್ಮ ಹತ್ತಿರ ಈಗಿನ 50 ರೂಪಾಯಿ ನೋಟಿದ್ದರೆ ತೆಗೀರಿ. ಮೊಬೈಲ್ ಟಾರ್ಚ್ ಹಾಕಿ. (ಫೋನ್‌ಪೇ ಕಾಲ. 30 ಜನರಲ್ಲಿ ಐದು ನೋಟು ಸಿಕ್ಕವು. ಆರಾರು ಜನ ಒಂದೊಂದು ನೋಟಿನ ಮೇಲೆ ಬಗ್ಗಿದರು.) ಹಿಂದಿನ ಮಗ್ಗುಲಲ್ಲಿ ಹಂಪಿಯ ಕಲ್ಲಿನ ರಥ ಇದೆ. ರಥದ ನೆತ್ತಿ ನೋಡಿ. ಬೋಳು, ಅಲ್ವಾ?

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಒಬ್ಬ ಸೇನಾಧಿಕಾರಿ ಹಂಪಿಗೆ ಬಂದ. ಮದ್ರಾಸ್ ಸೈನ್ಯದವನು. ಕಾಗದಕ್ಕೆ ಮೇಣ ಸವರಿ ಮಾಡಿದ ದೊಡ್ಡ ದೊಡ್ಡ ನೆಗೆಟಿವ್‌ಗಳಲ್ಲಿ ಫೋಟೊ ತೆಗೆದ. ಒಂದೊಂದಕ್ಕೆ ನಿಮಿಷಗಟ್ಟಲೆ ಎಕ್ಸ್‌ಪೋಶರ್. ಹಂಪಿಯ ಬಿಸಿಲಿನಲ್ಲಿ, ಆ ಬಂಡೆಗಳ ನಡುವೆ, ರಾಸಾಯನಿಕದ ತಟ್ಟೆಗಳನ್ನ ಇಟ್ಟುಕೊಂಡು! ಅವನ ಫೋಟೊದಲ್ಲಿ ಇದೇ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಆಮೇಲೆ ಅದು ಹೋಯಿತು. ನೋಟಿನಲ್ಲಿ ಇಲ್ಲ, ಸ್ಥಳದಲ್ಲೂ ಇಲ್ಲ. ಗ್ರೀನ್‌ಲಾ ಕತೆ ಹೇಳೋಕೆ ಹೊರಟವನಲ್ಲ. ಎದುರಿಗೆ ಇದ್ದದ್ದನ್ನ ನೆಟ್ಟಗೆ, ತುದಿಯಿಂದ ತುದಿಗೆ ತೆಗೆದ. ಅಷ್ಟೇ.

ಕತೆ ಹುಟ್ಟಿದ್ದು 1983ರಲ್ಲಿ. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅನ್ನುವ ಕಟ್ಟಡ ಫೋಟೊಗ್ರಾಫರ್ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಅಲ್ಲೇ ನಿಂತು ಮತ್ತೆ ತೆಗೆದ. ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ನಡುವಿನ 127 ವರ್ಷ ಕಾಣುತ್ತದೆ. ಎಲ್ಲಿ ಗಿಡ ಬೆಳೆದಿದೆ, ಯಾವ ಕಂಬಕ್ಕೆ ಊರೆ ಬಂದಿದೆ, ಯಾವುದು ಬಿದ್ದಿದೆ, ಯಾವುದನ್ನ ಮನುಷ್ಯರೇ ಇಳಿಸಿದ್ದಾರೆ. ನೋಟನ್ನ ಇನ್ನೂ ಒಳಗೆ ಇಡಬೇಡಿ. ರಥದ ಮುಂದೆ ಆನೆ ಇದೆಯಲ್ಲ, ಹಂಪಿಗೆ ಹೋದಾಗ ಅವುಗಳ ಹಿಂದೆ ಬಗ್ಗಿ ನೋಡಿ. ಕುದುರೆಯ ಹಿಂಗಾಲು, ಬಾಲ ಕಾಣುತ್ತವೆ. ಅಲ್ಲಿ ಮೊದಲು ಇದ್ದದ್ದು ಕುದುರೆ. ಆನೆಗಳನ್ನ ಆಮೇಲೆ ತಂದು ಇಟ್ಟದ್ದು. ಎಲ್ಲರೂ ರಥದ ಮುಂದೆ ನಿಂತು ಸೆಲ್ಫಿ ತಗೊಳ್ತಾರೆ. ಕತೆ ಆನೆಯ ಹಿಂದೆ ಇದೆ.

ಬೆಳಕಿನ ಬಗ್ಗೆ ಒಂದು ಮಾತು. ಕುಕನೂರಿನ ಹತ್ತಿರ ಇಟಗಿ. ಅಲ್ಲಿ ಮಹಾದೇವ ಗುಡಿ, 1112ರದು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನದಲ್ಲಿ ಅದನ್ನ ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಫೋಟೊ ಹಾಕುವವರೆಲ್ಲ ಕೆಳಗೆ ಅದನ್ನೇ ಬರೆದು ಕೈತೊಳೆದುಕೊಳ್ಳುತ್ತಾರೆ. ಅಲ್ಲಿ ಬಳಸಿರೋದು ಬಳಪದ ಕಲ್ಲು. ಮೆತ್ತಗಿನ ಕಲ್ಲು, ಉಳಿ ಹೇಳಿದ ಹಾಗೆ ಕೇಳುತ್ತೆ. ನಾನು ಮೊದಲ ಸಲ ಹೋದದ್ದು ಮಧ್ಯಾಹ್ನ 12ಕ್ಕೆ. ನೆತ್ತಿ ಮೇಲೆ ಸೂರ್ಯ. ಹೊರಗಿನ ಗೋಡೆಯ ಕೆತ್ತನೆ ಸಪ್ಪೆ, ಒಳಗಿನ ಮಂಟಪ ಕಗ್ಗತ್ತಲು. 200 ಫೋಟೊ ತೆಗೆದು ಒಂದೂ ಇಟ್ಟುಕೊಳ್ಳಲಿಲ್ಲ. ಮತ್ತೆ ಬೆಳಗ್ಗೆ ಆರೂವರೆಗೆ ಹೋದೆ. ಎಳೆ ಬಿಸಿಲು ಗೋಡೆಯನ್ನ ಸವರಿಕೊಂಡು ಓರೆಯಾಗಿ ಹೋಗುತ್ತಿತ್ತು. ಓರೆ ಬೆಳಕಿಗೆ ಅರ್ಧ ಬೆರಳಿನ ಕೆತ್ತನೆಗೂ ನೆರಳು ಬೀಳುತ್ತೆ. ಬಳ್ಳಿಯ ಸುರುಳಿಯಲ್ಲಿ ಒಂದು ಕಡೆ ಉಳಿ ಜಾರಿದ ಗೆರೆ ಕಂಡಿತು. ಬಹಳ ಸಣ್ಣದು. 900 ವರ್ಷದ ಹಿಂದೆ ಯಾರದೋ ಕೈ ಜಾರಿ, ‘ಅಯ್ಯೋ’ ಅಂದಿರಬೇಕು. ಆ ಗುಡಿಯಲ್ಲಿ ನಾನು ತೆಗೆದ ಒಳ್ಳೆಯ ಫೋಟೊ ಅದೊಂದೇ ಅಂತ ನನ್ನ ಲೆಕ್ಕ. ನಮ್ಮ ಕೋಟೆಯ ಕೋಣಗಳಿಗೂ ಇದೇ ಉಪಾಯ: ಮೊಬೈಲ್ ಟಾರ್ಚನ್ನ ಎದುರಿಗೆ ಹಿಡಿಯಬೇಡಿ, ಪಕ್ಕದಿಂದ ಕಲ್ಲಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ. ಮಾಸಿದ ಗೆರೆ ಎದ್ದು ಬರುತ್ತೆ.

ಈಗ ನನ್ನ ತಪ್ಪಿನ ಕತೆ.

ಲಿಂಗಸುಗೂರಿನ ಕಡೆ ಒಂದು ಹಳ್ಳಿ. ಅಲ್ಲಿ ಒಂದು ಜಂತಿ ಮನೆ. ಈ ಕಡೆಯ ಹುಡುಗರಿಗೆ ಗೊತ್ತಿರುತ್ತೆ: ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣಿನ ಮೇಲ್ಮುದ್ದೆ. ಮಣ್ಣೂ ಅಂಥಿಂಥ ಮಣ್ಣಲ್ಲ, ಸವುಳು ಮಣ್ಣೇ ಆಗಬೇಕು. ಹೊಲಕ್ಕೆ ಕೆಲಸಕ್ಕೆ ಬಾರದ ಮಣ್ಣದು. ನೀರು ಬಿದ್ದರೆ ಅಂಟಿಕೊಂಡು ಕೂರುತ್ತೆ, ನೀರನ್ನ ಕೆಳಗೆ ಬಿಡಲ್ಲ. ಹೊಲದಲ್ಲಿ ಶಾಪ ಆಗಿದ್ದು ಮಾಳಿಗೆಗೆ ವರ. ಆ ಮನೆಯನ್ನ ದುರಸ್ತಿ ಮಾಡಿಸಬೇಕು, ಮೊದಲು ಪೂರ್ತಿ ಫೋಟೊ ತೆಗೆದುಕೊಡು ಅಂತ ಒಬ್ಬ ಆರ್ಕಿಟೆಕ್ಟ್ ನನ್ನ ಕಳಿಸಿದರು. ಮನೆಯಲ್ಲಿ ಒಬ್ಬ ಅವ್ವ ಇದ್ದರು. 80ರ ಮೇಲೆ ವಯಸ್ಸು.

ನಾನು ಎರಡು ದಿನ ಕೆಲಸ ಮಾಡಿದೆ. ಬೆಳಕಿಂಡಿಯಿಂದ ಒಂದು ಬಿಸಿಲಕೋಲು ಪಡಸಾಲೆಗೆ ಇಳಿಯುತ್ತಿತ್ತು. ಅದು ಕಂಬದ ಬೋದಿಗೆಗೆ ಬರೋತನಕ ಕಾದೆ. ಚೆನ್ನಾಗಿ ಬಂತು. ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತೆ. ನಡುಮನೆಯ ಗೋಡೆಯಲ್ಲಿ ಮೂರು ಮಾಡ ಇದ್ದವು. ನಡುವಿನ ಮಾಡದ ಮೇಲೆ ಕರೀ ಮಸಿ, ಗೋಡೆ ಎತ್ತರಕ್ಕೆ ನಾಲಿಗೆ ಚಾಚಿದ ಹಾಗೆ. ಕಣ್ಣಿಗೆ ಕಸ ಬಿದ್ದ ಹಾಗೆ ಕಾಣುತ್ತಿತ್ತು. ಹೊಸ ಮನೆಗಳ ಚಾಳಿ ನೋಡಿ, ಸುಮ್ನೆ ಇರಲಾಗಲಿಲ್ಲ. 20 ನಿಮಿಷ ಕೂತು ಆ ಮಸಿ ಅಳಿಸಿದೆ. ಎಷ್ಟು ನಾಜೂಕಾಗಿ ಅಂದ್ರೆ, ಮಣ್ಣಿನ ಗೋಡೆಯ ತರಿ ಕೂಡ ಹೊಂದಿಕೊಂಡಿತ್ತು. ಹೆಮ್ಮೆಯಿಂದ ಕಳಿಸಿದೆ.

ವಾರ ಬಿಟ್ಟು ಆರ್ಕಿಟೆಕ್ಟ್ ಫೋನ್. ‘ಮೂರು ಮಾಡದಲ್ಲಿ ದೀಪದ್ದು ಯಾವುದು? ಹೊಸ ದೀಪವನ್ನೂ ಅಲ್ಲೇ ಕೊಡೋಣ ಅಂತಿದ್ದೀನಿ. ಹಳೇ ಮನೆಯಲ್ಲಿ ಬೆಳಕು ಎಲ್ಲಿಂದ ಬರ್ತಿತ್ತೋ ಅಲ್ಲಿಂದಲೇ ಬರಬೇಕು. ನಿಮ್ಮ ಫೋಟೊದಲ್ಲಿ ಗೊತ್ತಾಗ್ತಿಲ್ಲ.’ ಅಷ್ಟರಲ್ಲಿ ಆ ಕಡೆ ಗಾರೆ ಕೆಲಸದವರು ಗೋಡೆ ಕೆರೆದು ಮುಗಿಸಿದ್ದರು. ನನ್ನ ಹತ್ತಿರ ಮೂಲ ಫೈಲ್ ಇತ್ತು, ಅದೃಷ್ಟ. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಅವ್ವನಿಗೆ ಕೊಡೋಣ ಅಂತ ಅಳಿಸಿದ ಫೋಟೊದ ದೊಡ್ಡ ಪ್ರಿಂಟ್ ಹಾಕಿಸಿ, ಗಾಜು ಹಾಕಿಸಿ, ನಾನೇ ತಗೊಂಡು ಹೋಗಿದ್ದೆ. ಅವರು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು:

‘ಗ್ವಾಡಿ ಯಾವಾಗ ತೊಳದಿ, ತಮ್ಮಾ?’

ನಾನು ಏನೂ ಹೇಳಲಿಲ್ಲ. ಅವರೇ ಹೇಳಿದರು. ಆ ಮಾಡದಾಗ ನಮ್ಮತ್ತಿ ಎಣ್ಣಿ ದೀಪ ಇಡತಿದ್ದಳು, ಆಮ್ಯಾಲೆ ನಾ ಇಟ್ಟೆ, ಕರೆಂಟ್ ಬರೂತನ. ಸುಣ್ಣ ಹಚ್ಚಿದಾಗೆಲ್ಲ ಮಸಿ ಮುಚ್ಚತಿತ್ತು, ತಿಂಗಳೊಪ್ಪತ್ತಿನಾಗ ಮತ್ತ ಬರತಿತ್ತು. ಇದರಾಗ ಒಟ್ಟ ಇಲ್ಲಲ್ಲೊ.

ಸಿಟ್ಟಾಗಿ ಹೇಳಿದ್ದಲ್ಲ ಅದು. ಬೇರೆ ಯಾರದೋ ಮನೆ ಫೋಟೊ ನೋಡಿದ ಹಾಗೆ ಇತ್ತು ಅವರ ದನಿ. ಮಸಿ ಇರುವ ಪ್ರಿಂಟ್ ಹಾಕಿಸಿ ಮತ್ತೆ ಕೊಟ್ಟು ಬಂದೆ. ಅಳಿಸಿದ್ದು ಈಗ ನನ್ನ ಟೇಬಲ್ ಮೇಲೆ ಇದೆ, ಗಾಜಿನ ಸಮೇತ.

ಇಂಥ ಕೆಲಸ ದೊಡ್ಡವರೂ ಮಾಡಿದ್ದಾರೆ ಅನ್ನೋದು ಒಂದು ಸಣ್ಣ ಸಮಾಧಾನ. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಟಾಣಿ ಕೀಳುವ ಕೂಲಿಗಳ ಗುಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಫೋಟೊ ತೆಗೆದರು. ನೀವೆಲ್ಲ ನೋಡಿರುತ್ತೀರಿ: ಗಲ್ಲಕ್ಕೆ ಕೈ ಹಚ್ಚಿದ ಹೆಂಗಸು, ಎರಡೂ ಕಡೆ ಮುಖ ತಿರುಗಿಸಿದ ಮಕ್ಕಳು. ಆ ಫೋಟೊದ ಕೆಳಮೂಲೆಯಲ್ಲಿ ಗುಡಾರದ ಕಂಬ ಹಿಡಿದ ಒಂದು ಹೆಬ್ಬೆರಳು ಇತ್ತು. ಚಿತ್ರ ಕೆಡಿಸುತ್ತೆ ಅಂತ ಆಮೇಲೆ ಲ್ಯಾಂಗ್ ಅದನ್ನ ಅಳಿಸಿಸಿದರು. ಆದರೆ ನನಗೆ ಹೆಬ್ಬೆರಳಿಗಿಂತ ದೊಡ್ಡ ತಪ್ಪು ಅನ್ನಿಸೋದು ಇನ್ನೊಂದು. ಅವರು ಆ ತಾಯಿಯ ಹೆಸರು ಕೇಳಿ ಬರೆದುಕೊಳ್ಳಲಿಲ್ಲ. ಫೋಟೊ ಜಗತ್ತೆಲ್ಲ ಸುತ್ತಿತು. ಅವರ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನೋದು ಲೋಕಕ್ಕೆ ಗೊತ್ತಾಗಿದ್ದು 1978ರಲ್ಲಿ. 42 ವರ್ಷ ಆ ಹೆಂಗಸು ತನ್ನದೇ ಮುಖವನ್ನ ಪೇಪರಿನಲ್ಲಿ ನೋಡುತ್ತಾ ಬದುಕಿದರು, ಹೆಸರಿಲ್ಲದೆ.

ನಾವೂ ಅದನ್ನೇ ಮಾಡ್ತೀವಿ. ‘ಹಳ್ಳಿಯ ಮುಗ್ಧತೆ’, ‘ಬದುಕಿನ ಬವಣೆ’ ಅಂತ ಬರೆದು ಫೋಟೊ ಹಾಕ್ತೀವಿ. ಯಾವ ಊರು, ಯಾವ ತಿಂಗಳು, ಏನು ಕೆಲಸ, ಯಾರು, ಇಷ್ಟು ಬರೆಯಿರಿ ಸಾಕು. ಹೆಸರು ಬೇಡ ಅಂದರೆ ಬರೆಯಬೇಡಿ, ಆದರೆ ಕೇಳಿ. ‘ಫೋಟೊ ತಂದು ಕೊಡ್ತೀನಿ ಅಮ್ಮಾ’ ಅಂದಿದ್ದರೆ ತಂದು ಕೊಡಿ. ನಮ್ಮ ಕಡೆ ಹಳ್ಳಿಗಳಲ್ಲಿ ಕ್ಯಾಮೆರಾ ನೋಡಿದ ಕೂಡಲೇ ಮುಖ ತಿರುಗಿಸೋರು ಯಾರು ಗೊತ್ತಾ? ಹಿಂದೆ ಒಬ್ಬ ಹಾಗೆ ಹೇಳಿ ಬರದೆ ಹೋಗಿರುತ್ತಾನೆ.

ನಾನು ಇಷ್ಟಕ್ಕೆ ಮುಗಿಸಿದೆ. ಪ್ರಶ್ನೆ ಶುರುವಾದವು. ಒಂದೆರಡು ಬೇಗ ಹೇಳಿಬಿಡ್ತೀನಿ. ಮೊಬೈಲ್ ಸಾಕಾ? ಸಾಕು, ಅದರ ಅತಿ ಅಗಲದ ಲೆನ್ಸಿನಲ್ಲಿ ಕಟ್ಟಡ ತೆಗೆಯಬೇಡಿ, ಅಂಚಿನ ಕಂಬಗಳು ಸೊಟ್ಟಗಾಗುತ್ತವೆ. ಪರದೆಯ ಮೇಲೆ ಗೆರೆಗಳನ್ನ ಹಾಕಿಕೊಳ್ಳಿ. ಪುರಾತತ್ವ ಇಲಾಖೆಯ ಸ್ಮಾರಕದಲ್ಲಿ ಟ್ರೈಪಾಡ್ ಇಡಬಹುದಾ, ಡ್ರೋನ್ ಹಾರಿಸಬಹುದಾ? ಅನುಮತಿ ಇಲ್ಲದೆ ಎರಡೂ ಬೇಡ.

ಒಬ್ಬ ಹುಡುಗ ಒಳ್ಳೆಯದು ಕೇಳಿದ. ‘ಸರ್, ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲಿನ ಮನೆಗಳಿವೆ. ಶಾಸನ ಇಲ್ಲ, ಹೆಸರಿಲ್ಲ. ಅವುಗಳ ಕತೆ ಹೇಗೆ ಹೇಳೋದು?’

ಗಂಗಾವತಿಯ ಹತ್ತಿರ ಇರೋ ಆ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಸಮಾಧಿಗಳು ನೂರಾರು ಇವೆ. ದೊಡ್ಡ ಹಾಸುಗಲ್ಲುಗಳನ್ನ ನಿಲ್ಲಿಸಿ ಮೇಲೊಂದು ಮುಚ್ಚಿದ್ದಾರೆ. ಕೆಲವಕ್ಕೆ ದುಂಡನೆಯ ಕಿಂಡಿ ಇದೆ. ಸುತ್ತಲಿನ ಜನ ಮೋರೇರ ಮನೆ ಅಂತಾರೆ, ಅಲ್ಲಿ ಕುಳ್ಳ ಜನ ಇದ್ದರು ಅಂತ ಕತೆ ಹೇಳ್ತಾರೆ. ನಾನು ಹೇಳಿದೆ: ಆ ಕಿಂಡಿಯಲ್ಲಿ ಸೂರ್ಯ ಮುಳುಗೋ ಫೋಟೊ ಸಾವಿರ ಇವೆ, ಅದನ್ನ ಬಿಡು. ಸಮಾಧಿಯಿಂದ ನಾಲ್ಕು ಹೆಜ್ಜೆ ನಡಿ. ಅದೇ ಬಂಡೆಯಿಂದ ಹಾಸುಗಲ್ಲು ಎಬ್ಬಿಸಿದ ಗುರುತು ಸಿಗುತ್ತೆ. ಮೊದಲು ಅದನ್ನ ತೆಗಿ, ಆಮೇಲೆ ಸಮಾಧಿ. ಎರಡು ಫೋಟೊ. ಬಂಡಿ, ಕೋಣ ಕೆತ್ತೋಕೆ ಅವರಿಗೆ ಪುರುಸೊತ್ತು ಸಿಕ್ಕಿರಲಿಲ್ಲ ಅಂದುಕೋ, ಅವರ ಬದಲು ನೀನು ತೋರಿಸು. ಗೊತ್ತಿಲ್ಲದ್ದನ್ನ ಬರೆಯಬೇಡ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ. ಕತ್ತಲಲ್ಲಿ ಮುಖ ಕಾಣಲಿಲ್ಲ. ‘ಸರ್, ನಮ್ಮ ಮುತ್ಯಾನ ಮನಿ ಐತ್ರಿ. ಜಂತಿ ಮನಿನೇ. ಸೋಮವಾರ ಜೆಸಿಬಿ ಬರ್ತದ. ಏನೇನು ತೆಗೀಬೇಕ್ರಿ?’

ಹೇಳಿದೆ. ಬೀದಿಯಿಂದ ನೆಟ್ಟಗೆ ಒಂದು. ತಲಬಾಗಿಲ ಹೊಸ್ತಿಲ ಮೇಲೆ ನಿಂತು ಒಳಗೊಂದು, ಅಲ್ಲೇ ತಿರುಗಿ ಹೊರಗೊಂದು. ಪ್ರತಿ ಕೋಣೆಯ ನಾಲ್ಕೂ ಮೂಲೆಯಿಂದ. ಮಲಗಿ ಜಂತಿ ತೆಗಿ. ದನದ ಗೋದಲಿ ಮರೀಬೇಡ, ಕಾಳು ತುಂಬಿಡೋ ಹಗೇವು ಇದ್ದರೆ ಅದರ ಬಾಯಿ ಕೂಡ. ಹೊಸ್ತಿಲು ಎಲ್ಲಿ ಸವೆದಿದೆ ನೋಡು. ಬಾಗಿಲ ಹಿಂದೆ ಮಕ್ಕಳ ಎತ್ತರ ಗುರುತು ಮಾಡಿದ್ದರೆ, ಹಾಲಿನ ಲೆಕ್ಕ ಬರೆದಿದ್ದರೆ, ಅದು. ಗೋಡೆ ಬಾಗಿಲುಗಳ ಪಕ್ಕ ಟೇಪು ಹಿಡಿದು ಒಂದೊಂದು, ಅಳತೆ ಫೋಟೊದಲ್ಲೇ ಬರಲಿ. ಮುತ್ಯಾ ಎಲ್ಲಿ ಕೂರ್ತಾರೋ ಅಲ್ಲೇ ಕೂತಿದ್ದು. ಅವರನ್ನ ನಗು ಅನ್ನಬೇಡ.

ಮನೆಯಲ್ಲಿ ಟೇಪು ಇದೆಯಾ ಅಂತ ಕೇಳಿದೆ. ಅವಳು ಮಾತಾಡುವ ಮೊದಲೇ ಓವರ್‌ಸಿಯರ್ ಎದ್ದು, ‘ನನ್ನ ಹತ್ರ 100 ಅಡಿದು ಐತಿ, ನಾನೂ ಬರ್ತೀನಿ’ ಅಂದರು. ಭಾನುವಾರ ಬೆಳಗ್ಗೆ ಆರಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಸೇರೋದು ಅಂತಾಯಿತು. ಎಲ್ಲರೂ ಟಾರ್ಚ್ ಹಿಡಿದು ಚಪ್ಪಲಿ ಹುಡುಕುತ್ತಿದ್ದರು. ಆ ಹುಡುಗಿ ಹತ್ತಿರ ಬಂದು ಕೇಳಿದಳು:

‘ಮನಿ ಎಲ್ಲಾ ಬಳದು ಸಾರಿಸಿ ಇಡ್ಲೇನ್ರಿ ಸರ್?’

‘ಬ್ಯಾಡವ್ವ,’ ಅಂದೆ. ‘ಹ್ಯಾಂಗ ಐತೋ ಹಾಂಗ ಇರ್ಲಿ.’